ನಿಮಗಿದು ಗೊತ್ತೇ? ಎದೆ ಬಿಗಿಯುವ ಸೋಮವಾರ

ರೋಗಿಯ ಜ್ವರ, ನೋವು, ಊಟ, ನಿದ್ದೆ ವಿಚಾರಿಸಿದರೆ ಸಾಲದು, ಅವನ ಕಸುಬು ಯಾವುದೆಂದೂ ವೈದ್ಯರು ಕೇಳಬೇಕು ಎಂದು 1700ರಲ್ಲಿ ಪುಸ್ತಕ ಬರೆದು ಹೇಳಿದವನು ಇಟಲಿಯ ವೈದ್ಯ ಬೆರ್ನಾರ್ದಿನೊ ರಮಾಝಿನಿ. ನಿಮ್ಮ ಡಾಕ್ಟರು ಇದನ್ನು ಕೇಳದಿದ್ದರೆ ನೀವೇ ಹೇಳಿ. ಮಗ್ಗದ ಮುಂದೆ ನಿಲ್ಲುತ್ತೀರೋ, ಬೀಡಿ ಕಟ್ಟುತ್ತೀರೋ, ಮನೆಮನೆಗೆ ಲಸಿಕೆಯ ಪಟ್ಟಿ ಹಿಡಿದು ತಿರುಗುತ್ತೀರೋ, ಅವರಿಗೆ ಗೊತ್ತಿರಲಿ.

ಹತ್ತಿಯ ದೂಳಿನಿಂದ ಬರುವ ಎದೆರೋಗಕ್ಕೆ ವಾರದ ಲೆಕ್ಕವಿದೆ. ಭಾನುವಾರ ಸೂಟಿ ಮುಗಿಸಿ ಸೋಮವಾರ ಕೆಲಸಕ್ಕೆ ಹೋದರೆ ಎದೆ ಬಿಗಿಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಮಂಗಳವಾರ, ಬುಧವಾರ ಬಂತೆಂದರೆ ಹಗುರವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ವಾರದ ಎಲ್ಲ ದಿನವೂ ಸೋಮವಾರವೇ. ಇದರ ಹೆಸರು ಬಿಸಿನೋಸಿಸ್. ಹಳೆಯ ಕಬ್ಬಿನ ಸಿಪ್ಪೆಯ ದೂಳಿನಿಂದ ಬರುವ ರೋಗ ಬಗಾಸೋಸಿಸ್. ಇವೆರಡೂ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಇದ್ದವು. ಅಂದರೆ ಕೆಲಸದಿಂದ ಬಂದ ರೋಗವೆಂದು ಪರಿಹಾರ ಕೇಳುವ ಹಕ್ಕು ಕಾರ್ಮಿಕನಿಗಿದೆ. ಟವೆಲ್ ಕಾರ್ಖಾನೆಯೂ ಸಕ್ಕರೆ ಕಾರ್ಖಾನೆಯೂ ಒಂದೇ ಜಿಲ್ಲೆಯಲ್ಲಿರುವ ಸೊಲ್ಲಾಪುರದವರು ಇವೆರಡು ಹೆಸರನ್ನೂ ಬಾಯಿಪಾಠ ಮಾಡಬೇಕು.

ಆ ಭಾನುವಾರದ ಸೂಟಿಯೂ ಪುಕ್ಕಟೆ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ, ವರ್ಷಗಟ್ಟಲೆ ಹೋರಾಡಿ 1890ರ ಜೂನ್ 10ರಂದು ಅದನ್ನು ಗಳಿಸಿಕೊಟ್ಟವರು ನಾರಾಯಣ ಮೇಘಾಜಿ ಲೋಖಂಡೆ. ಭಾನುವಾರ ಖಂಡೋಬನ ವಾರ ಎಂಬುದೂ ಅವರ ವಾದದಲ್ಲಿತ್ತು. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ.

ಬೀಡಿಯನ್ನು ಒಮ್ಮೆಯೂ ಸೇದದ ಹೆಂಗಸಿನ ಮೈಯಲ್ಲೂ ನಿಕೋಟಿನ್ ಸೇರಿಕೊಳ್ಳುತ್ತದೆ. ಸೊಲ್ಲಾಪುರದ ಪೂರ್ವ ಭಾಗದ ಓಣಿಗಳಲ್ಲಿ ಹೊಸ್ತಿಲ ಹತ್ತಿರ ಬೆಳಕಿಗೆ ಮುಖ ಮಾಡಿ ಕೂತವರನ್ನು ನೋಡಿ. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಹರಡಿ, ಉರುಳಿಸಿ, ತುದಿ ಮಡಚಿ, ದಾರ ಸುತ್ತಬೇಕು. ಕೂಲಿ ಸಾವಿರದ ಲೆಕ್ಕಕ್ಕೆ. ಹಾಗಾಗಿ ನೀರು ಕುಡಿಯಲು ಎದ್ದರೂ ಎಣಿಕೆ ತಪ್ಪುತ್ತದೆ ಎಂಬ ಚಿಂತೆ. ಬಗ್ಗಿದ ಕುತ್ತಿಗೆ ಸಂಜೆಗೆ ಮೇಲೇಳುವುದಿಲ್ಲ. ತಂಬಾಕು ಉಸಿರಿನಲ್ಲೂ ಹೋಗುತ್ತದೆ, ಬೆರಳಿನ ಚರ್ಮದ ಮೂಲಕವೂ ಹೋಗುತ್ತದೆ. ಮನೆಯೇ ಕಾರ್ಖಾನೆ, ಮನೆಗೆ ಒಂದೇ ಕೋಣೆ. ತಂಬಾಕಿನ ಚೀಲದ ಪಕ್ಕದಲ್ಲೇ ತೊಟ್ಟಿಲು. ಇವರಿಗೆ ಮನೆ ಎಂಬುದು ಆರೋಗ್ಯದ ಪ್ರಶ್ನೆಯೂ ಹೌದು. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ 10,000 ಮನೆಗಳ ವಸಾಹತು 2006ರಲ್ಲಿ ತಲೆಯೆತ್ತಿತು. ಅದಕ್ಕೆ ಹೋರಾಟಗಾರ್ತಿ ಗೋದೂತಾಯಿ ಪರುಳೇಕರ ಅವರ ಹೆಸರಿದೆ.

ಅದೇ ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ 2025ರ ಮೇ 18ರ ನಸುಕಿನಲ್ಲಿ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 8 ಮಂದಿ ಸತ್ತರು. ಅವರಲ್ಲಿ ಮಾಲೀಕರ ಮನೆಯವರಿದ್ದರು, ಕಾರ್ಮಿಕರಿದ್ದರು, ಒಂದು ಕೂಸೂ ಇತ್ತು. ಹತ್ತಿ ಬಟ್ಟೆಗೆ ಬೆಂಕಿ ಹತ್ತಿದರೆ ಜ್ವಾಲೆಗಿಂತ ಮೊದಲು ಹೊಗೆ ಕೊಲ್ಲುತ್ತದೆ. ದುಡಿಯುವ ಕಡೆಯೇ ಮಲಗುವವರಿಗೆ ಎಚ್ಚರವಾಗುವ ಹೊತ್ತಿಗೆ ದಾರಿ ಕಾಣುವುದಿಲ್ಲ. ನಿಮ್ಮ ಮಗ, ನಿಮ್ಮ ಅಳಿಯ ಕಾರ್ಖಾನೆಯಲ್ಲೇ ಮಲಗುತ್ತಿದ್ದರೆ ಇವತ್ತೇ ಕೇಳಿ: ಎರಡನೇ ಬಾಗಿಲು ಎಲ್ಲಿದೆ? ರಾತ್ರಿ ಅದಕ್ಕೆ ಕೀಲಿ ಹಾಕುತ್ತಾರೋ?

ಕಾರ್ಖಾನೆಯಲ್ಲಿ ಹಚ್ಚುವ ಕಾಯ್ದೆಯ ಸಾರಾಂಶ ಇಂಗ್ಲಿಷಿನಲ್ಲಿದ್ದರೆ ಸಾಲದು, ಅಲ್ಲಿನ ಹೆಚ್ಚು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ 108ನೇ ಕಲಮಿನಲ್ಲಿ ಬರೆಯಿತು. ನಾಗಣಸೂರಿನಂಥ ಗಡಿಹಳ್ಳಿಗಳಲ್ಲಿ ಮನೆಮಾತು ಕನ್ನಡ, ಸೊಲ್ಲಾಪುರದ ನೇಕಾರರ ಮನೆಗಳಲ್ಲಿ ತೆಲುಗು. ಅಪಾಯದ ಫಲಕ ಓದಲು ಬಾರದವನಿಗೆ ಫಲಕ ಇದ್ದೂ ಇಲ್ಲದಂತೆ.

ಕಬ್ಬು ಕಡಿಯುವವರ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’. ಮುಂಗಡ ಹಣ, ಅಂದರೆ ‘ಉಚಲ’, ಇಬ್ಬರ ಹೆಸರಿಗೂ ಸೇರಿ ಬರುತ್ತದೆ. ಒಂದು ದಿನ ತಪ್ಪಿದರೆ ದಂಡ. ಮುಟ್ಟಿನ ದಿನವೂ ಹೊಲಕ್ಕೆ ಇಳಿಯಬೇಕಾದ ಬೀಡ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿರುವುದು 2019ರಲ್ಲಿ ಸರಕಾರದ ಸಮಿತಿಯ ಮುಂದೆ ಬಂತು. ಇದಕ್ಕಿಂತ ದೊಡ್ಡ ನಾಚಿಕೆಗೇಡು ನಮ್ಮ ಸಕ್ಕರೆ ಸೀಮೆಗೆ ಇನ್ನೊಂದಿಲ್ಲ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯ ಬೇರು ಒಬ್ಬ ಸಮಾಜ ಸೇವಾ ಕಾರ್ಯಕರ್ತೆಯ ನೋವಿನಲ್ಲಿದೆ. ರಾಜಸ್ಥಾನ ಸರಕಾರದ ‘ಸಾಥಿನ್’ ಆಗಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಅತ್ಯಾಚಾರ ನಡೆಯಿತು. 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆ ಬಂತು. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ದುಡಿಯುವವರೂ ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು.

ಆ ಕಾಯ್ದೆ ಹುಟ್ಟುವ ನಾಲ್ಕು ದಶಕ ಮೊದಲು ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ಬಟ್ಟೆ ಬದಲಿಸುವಾಗ ಆಸ್ಪತ್ರೆಯ ಸಿಬ್ಬಂದಿಯೊಬ್ಬ ಅವರ ಮೇಲೆ ಎರಗಿದ. ಅರುಣಾ ಮತ್ತೆ ಏಳಲಿಲ್ಲ. 2015ರ ಮೇ 18ರಂದು ಕಣ್ಣು ಮುಚ್ಚುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸುಗಳು ಪಾಳಿಯ ಮೇಲೆ ಪಾಳಿ ಅವರನ್ನು ಮೀಯಿಸಿದರು, ಉಣ್ಣಿಸಿದರು, ಮಗ್ಗುಲು ಬದಲಿಸಿದರು. ಮಹಾರಾಷ್ಟ್ರದಲ್ಲಿ ವೈದ್ಯರು, ನರ್ಸುಗಳ ಮೇಲಿನ ಹಲ್ಲೆಗೆ 2010ರಿಂದ ಪ್ರತ್ಯೇಕ ಕಾಯ್ದೆ ಇದೆ. ಮೂರು ವರ್ಷದವರೆಗೆ ಸಜೆ, ಅದೂ ಜಾಮೀನುರಹಿತ ಅಪರಾಧ.

ಅಂಗನವಾಡಿ ತಾಯಂದಿರಿಗೆ, ಸಹಾಯಕಿಯರಿಗೆ ಗ್ರಾಚ್ಯುಟಿ ಪಡೆಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ಹೇಳಿತು. ಅವರನ್ನೂ ಆಶಾ ಕಾರ್ಯಕರ್ತೆಯರನ್ನೂ 5 ಲಕ್ಷ ರೂಪಾಯಿಯ ಆಯುಷ್ಮಾನ್ ಭಾರತ ಯೋಜನೆಗೆ ಸೇರಿಸುವುದಾಗಿ ಕೇಂದ್ರ ಸರಕಾರ 2024ರಲ್ಲಿ ಘೋಷಿಸಿತು. ಆದರೂ ಅವರ ಪಗಾರಕ್ಕೆ ಪಗಾರ ಎಂಬ ಹೆಸರಿಲ್ಲ, ‘ಗೌರವಧನ’ ಅನ್ನುತ್ತಾರೆ. ಸೊಲ್ಲಾಪುರದ ಬೇಸಿಗೆಯಲ್ಲಿ ವಸ್ತಿವಸ್ತಿ ತಿರುಗುವ ದುಡಿಮೆಗೆ ದುಡಿಮೆಯ ಹೆಸರನ್ನೇ ಕೊಡಬೇಕು.

ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಅಂದಾಜು 35 ಪ್ರತಿಶತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕ ಇದು.

ಇನ್ನು ಸೊಲ್ಲಾಪುರದ ಮಗ ಡಾ. ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ಐವರು ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋಗಿ ಯುದ್ಧಭೂಮಿಯ ಗಾಯಾಳುಗಳ ಸೇವೆಗೆ ನಿಂತರು. 72 ತಾಸು ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಅವರ ಕಥೆ ಹೇಳುವವರೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅವರಿಗೆ ಅಪಸ್ಮಾರವಿತ್ತು, ಅಪಸ್ಮಾರವನ್ನು ನಿದ್ದೆಗೇಡು ಕೆರಳಿಸುತ್ತದೆ. 1942ರ ಡಿಸೆಂಬರ್ 9ರಂದು ಅವರು ತೀರಿಕೊಂಡಾಗ ವಯಸ್ಸು ಬರೀ 32, ಮಗ ಇನ್ನೂ ಮೂರು ತಿಂಗಳ ಕೂಸು. ಅವರ ತ್ಯಾಗಕ್ಕೆ ಕೈಮುಗಿಯೋಣ. ಆದರೆ ಇವತ್ತಿನ ಡಾಕ್ಟರಿಂದ, ನರ್ಸಿನಿಂದ ಆ 72 ತಾಸನ್ನು ಯಾರೂ ಬೇಡಬಾರದು.

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಅಕ್ಟೋಬರ್ 10 ಈಗ ವಿಶ್ವ ಮಾನಸಿಕ ಆರೋಗ್ಯ ದಿನ. 2022ರಲ್ಲಿ ಟೆಲಿ ಮಾನಸ್ ಸಹಾಯವಾಣಿ ಶುರುವಾದದ್ದೂ ಅದೇ ದಿನ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ. ಮನಸ್ಸಿಗೆ ಭಾರವಾದರೆ, ಕೆಲಸದ ಒತ್ತಡದಿಂದ ನಿದ್ದೆ ಹಾರಿಹೋದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂಗನವಾಡಿಯ ಗೋಡೆಗೆ, ದವಾಖಾನೆಯ ಬಾಗಿಲಿಗೆ, ಮಗ್ಗದ ಶೆಡ್ಡಿಗೆ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿ: 14416.