ಚಾಲಕನಿಲ್ಲದ ಕಾರು ಕೊಣ್ಣೂರಿಗೆ ಯಾವಾಗ?

ಪ್ರಶ್ನೆ: ಅಮೆರಿಕದಲ್ಲಿ ಚಾಲಕನಿಲ್ಲದ ಟ್ಯಾಕ್ಸಿಗಳು ಓಡುತ್ತಿವೆಯಂತೆ. ನಮ್ಮ ಗೋಕಾಕ–ಕೊಣ್ಣೂರ ರಸ್ತೆಗೆ ಯಾವಾಗ ಬಂದಾವು?
– ಓದುಗರೊಬ್ಬರು, ಕೊಣ್ಣೂರ

ಉತ್ತರ: ಸದ್ಯಕ್ಕಂತೂ ಇಲ್ಲ. ಹಾಗೆಂದು ನಮ್ಮವರು ಕೈಕಟ್ಟಿ ಕೂತಿಲ್ಲ. ಬೆಂಗಳೂರಿನ ಮೈನಸ್ ಝೀರೋ ಎಂಬ ನವೋದ್ಯಮ 2023ರಲ್ಲಿ ಸ್ಟೇರಿಂಗೇ ಇಲ್ಲದ ‘ಝೀಪಾಡ್’ ಎಂಬ ಪುಟ್ಟ ವಾಹನವನ್ನು ತೋರಿಸಿತು. ಲೇಸರ್ ಬೆಳಕಿನಿಂದ ದೂರ ಅಳೆಯುವ ದುಬಾರಿ ಲೈಡಾರ್ ಬದಲು ಅದು ಕ್ಯಾಮೆರಾಗಳನ್ನೇ ನೆಚ್ಚಿಕೊಂಡಿದೆ. ಐಐಟಿ ಹೈದರಾಬಾದಿನಲ್ಲಿ 2022ರಿಂದ ಇಂಥ ವಾಹನಗಳಿಗೆಂದೇ ಪರೀಕ್ಷಾ ಅಂಗಳವಿದೆ.

ತೊಡಕಿರುವುದು ರಸ್ತೆಯಲ್ಲಿ. ಕಬ್ಬಿನ ಹಂಗಾಮಿನಲ್ಲಿ ಮುಸ್ಸಂಜೆ ನಿಮ್ಮೂರ ದಾರಿಗೆ ಬಂದು ನೋಡಿ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಆಚೀಚೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ. ಕಬ್ಬಿನ ತುದಿ ಓಲಾಡುವುದನ್ನು ಕಂಡೇ ಬೈಕಿನವನು ದೂರ ಸರಿಯುತ್ತಾನೆ. ಟ್ರ್ಯಾಕ್ಟರಿನವನು ಕೈಬೀಸಿದರೆ ‘ಮುಂದೆ ಹೋಗು’ ಎಂದರ್ಥ. ಈ ಕೈಸನ್ನೆಯನ್ನು ಯಂತ್ರಕ್ಕೆ ಕಲಿಸುವುದು ಸುಲಭವಲ್ಲ. ಬಿಳಿ ಪಟ್ಟೆಯನ್ನು ನಂಬಿ ಓಡುವ ಕಾರಿಗೆ ಪಟ್ಟೆಯೇ ಕಾಣದಿದ್ದರೆ ದಿಕ್ಕು ತಪ್ಪುತ್ತದೆ.

ಅಡ್ಡ ಬರುವವರಿಲ್ಲದ ಹಳಿಯ ಮೇಲೆ ಕೆಲಸ ಹಗುರ. ದೆಹಲಿ ಮೆಟ್ರೋದಲ್ಲಿ 2020ರ ಡಿಸೆಂಬರಿನಲ್ಲೇ ಚಾಲಕರಹಿತ ರೈಲು ಶುರುವಾಯಿತು.

ಇನ್ನೊಂದು ಅಡ್ಡಿ ಹೊಟ್ಟೆಪಾಡಿನದು. ಚಾಲಕರ ಉದ್ಯೋಗ ಕಸಿಯುವ ಕಾರುಗಳಿಗೆ ಅವಕಾಶ ಕೊಡುವುದಿಲ್ಲ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದರು.

ಈಗ ಸಿಗುವುದು ತಾನೇ ಬ್ರೇಕ್ ಹಾಕುವ, ಪಟ್ಟೆ ದಾಟಿದರೆ ಎಚ್ಚರಿಸುವ ‘ಅಡಾಸ್’ ಸೌಲಭ್ಯದ ಕಾರುಗಳು ಮಾತ್ರ. ಅವನ್ನು ಕೊಂಡರೂ ಕೈ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆಯ ಮೇಲೇ ಇರಲಿ.