ಕಳೆನಾಶಕಗಳೂ ಭೂಮಿಯ ಸೂಕ್ಷ್ಮಜೀವಿಗಳೂ

ಕೂಲಿಯಾಳುಗಳು ಸಕಾಲದಲ್ಲಿ ದೊರೆಯದ ಕಾರಣ, ಕಳೆ ಕೀಳಿಸುವುದಕ್ಕೆ ಬದಲಾಗಿ ಕಳೆನಾಶಕ ಔಷಧಿಗಳನ್ನು ಸಿಂಪಡಿಸುವ ಪದ್ಧತಿಯು ಹೆಚ್ಚುತ್ತಲಿದೆ. ಇವು ಭೂಮಿಯ ಸತ್ತ್ವವನ್ನೇ ಕೆಡಿಸುವುವೆಂದು ಕೆಲವರೂ, ಇವುಗಳಿಂದ ಯಾವ ಬಾಧಕವೂ ಇಲ್ಲವೆಂದು ಕೆಲವರೂ ಹೇಳುವುದುಂಟು. ಈ ಎರಡು ಅಭಿಪ್ರಾಯಗಳೂ ಪೂರ್ಣವಾಗಿ ಸರಿಯಲ್ಲ.

ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಇವುಗಳಲ್ಲಿ ಕೆಲವು ಗೊಬ್ಬರವನ್ನು ಕೊಳೆಯಿಸುತ್ತವೆ. ಕೆಲವು ಅಮೋನಿಯವನ್ನು ಪೈರಿಗೆ ಒದಗುವ ನೈಟ್ರೇಟಾಗಿ ಮಾರ್ಪಡಿಸುತ್ತವೆ. 1888ರಲ್ಲಿ ಬೈಜೆರಿಂಕ್ ಎಂಬ ಡಚ್ ವಿದ್ವಾಂಸನು ಪ್ರತ್ಯೇಕಿಸಿ ತೋರಿಸಿದ ಜಾತಿಯು ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ.

ಗ್ಲೈಫೋಸೇಟ್ ಔಷಧಿಯು ಸಸ್ಯದಲ್ಲಿ ಯಾವ ಕ್ರಿಯೆಯನ್ನು ತಡೆಯುವುದೋ ಆ ಕ್ರಿಯೆಯು ಅನೇಕ ಬ್ಯಾಕ್ಟೀರಿಯಾಗಳಲ್ಲಿಯೂ ಉಂಟು. ಆದರೆ ಅದು ಜೇಡಿಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವುದರಿಂದ ಅದರ ತೀವ್ರತೆಯು ತಗ್ಗುತ್ತದೆ. ಸಾಮಾನ್ಯವಾಗಿ ಗೊತ್ತುಪಡಿಸಿದ ಪ್ರಮಾಣದಲ್ಲಿ ಸಿಂಪಡಿಸಿದ ಕಳೆನಾಶಕಗಳಿಂದ ಸೂಕ್ಷ್ಮಜೀವಿಗಳ ಕೆಲಸವು ಕೆಲಕಾಲ ಕುಂದಿ, ಅನಂತರ ಚೇತರಿಸಿಕೊಳ್ಳುತ್ತದೆ. ಪ್ರಮಾಣ ಮೀರಿದಲ್ಲಿ, ಅಥವಾ ಔಷಧಿಯು ಒಂದೇ ಕಡೆ ಚೆಲ್ಲಿದಲ್ಲಿ, ಹಾನಿಯು ಹೆಚ್ಚುಕಾಲ ನಿಲ್ಲುತ್ತದೆ.

ಮುಖ್ಯವಾಗಿ ಗಮನಿಸತಕ್ಕ ವಿಷಯವೇನೆಂದರೆ, ಈ ವಿಷಗಳನ್ನು ಭೂಮಿಯಿಂದ ತೊಲಗಿಸುವುದರಲ್ಲಿ ಬ್ಯಾಕ್ಟೀರಿಯಾಗಳದೇ ದೊಡ್ಡ ಪಾತ್ರ. ಬೆಚ್ಚಗೆ ತೇವವಾಗಿರುವ ಭೂಮಿಯಲ್ಲಿ 2,4-ಡಿ ಔಷಧಿಯ ಬಹುಭಾಗವನ್ನು ಅವು ಕೆಲವು ವಾರಗಳಲ್ಲಿಯೇ ಅರಗಿಸುತ್ತವೆ. ಅಟ್ರಜಿನ್ ಔಷಧಿಯನ್ನೇ ಸಾರಜನಕದ ಆಹಾರವಾಗಿ ಬಳಸುವ ಒಂದು ಬ್ಯಾಕ್ಟೀರಿಯವನ್ನು 1995ರಲ್ಲಿ ಅಮೆರಿಕದ ವಿಜ್ಞಾನಿಗಳು ವರ್ಣಿಸಿದರು. ಆದರೆ ಗೊಬ್ಬರ ಕಾಣದ, ಒಣಗಿದ ಹೊಲದಲ್ಲಿ ಈ ಕೆಲಸವು ನಿಧಾನವಾಗುತ್ತದೆ. ಹೀಗಾಗಿ ಮುಸುಕಿನ ಜೋಳಕ್ಕೆ ಹಾಕಿದ ಅಟ್ರಜಿನ್ ಉಳಿದುಕೊಂಡು, ಅದರ ಹಿಂದೆ ಬಿತ್ತಿದ ದ್ವಿದಳ ಬೆಳೆಯನ್ನು ಬಾಡಿಸಬಹುದು. ಕಳೆಯ ಕೂಲಿಯಲ್ಲಿ ಉಳಿಸಿದ ಹಣವು ಮುಂದಿನ ಬೆಳೆಯಲ್ಲಿ ನಷ್ಟವಾಗುವುದು ಹೀಗೆಯೇ.

ಆದುದರಿಂದ ಹಿಡುವಳಿದಾರರು ಈ ಕ್ರಮಗಳನ್ನನುಸರಿಸತಕ್ಕದ್ದು:

1. ಡಬ್ಬಿಯ ಮೇಲೆ ಸೂಚಿಸಿರುವ ಬೆಳೆಗೆ ಮಾತ್ರ, ಸೂಚಿಸಿರುವಷ್ಟೇ ಔಷಧಿಯನ್ನು ಅಳೆದು ಉಪಯೋಗಿಸುವುದು. ಅವರೆ, ತೊಗರಿಯ ಅಕ್ಕಡಿ ಸಾಲುಗಳಿರುವ ರಾಗಿ ಹೊಲಕ್ಕೆ 2,4-ಡಿ ಸಲ್ಲದು.

2. ಕೊಟ್ಟಿಗೆ ಗೊಬ್ಬರ ಅಥವಾ ಹಸುರು ಗೊಬ್ಬರವನ್ನು ತಪ್ಪದೆ ಒದಗಿಸುವುದು.

3. ದ್ವಿದಳ ಧಾನ್ಯ ಬಿತ್ತುವುದಕ್ಕೆ ಮೊದಲು, ಔಷಧಿ ಸಿಂಪಡಿಸಿದ ಹೊಲದ ಮಣ್ಣನ್ನೂ ಸಿಂಪಡಿಸದ ಮಣ್ಣನ್ನೂ ಬೇರೆಬೇರೆ ಕುಂಡಗಳಲ್ಲಿ ತುಂಬಿ, ಎರಡರಲ್ಲಿಯೂ ಅದೇ ಬೀಜವನ್ನು ಬಿತ್ತಿ ಮೂರು ವಾರ ನೋಡುವುದು. ಮೊದಲನೆಯದರಲ್ಲಿ ಮಾತ್ರ ಎಲೆಯ ಅಂಚು ಹಳದಿಯಾಗಿ ಸಸಿ ಬಾಡಿದರೆ, ವಿಷವು ಇನ್ನೂ ಉಳಿದಿರಬಹುದೆಂದು ತಿಳಿದು ಬಿತ್ತನೆಯನ್ನು ಮುಂದೂಡುವುದು ಲೇಸು.

ಗ್ರಾಮದ ಮುಖಂಡರು ಈ ಕುಂಡದ ಪರೀಕ್ಷೆಯನ್ನು ತಮ್ಮ ಹೊಲದಲ್ಲಿಯೇ ಮೊದಲು ನಡೆಯಿಸಿ, ಉಳಿದ ರೈತರಿಗೂ ತೋರಿಸಿಕೊಡಬೇಕಾಗಿ ಕೋರಿಕೆ.