ಗರ್ಭಕಂಠದ ಕ್ಯಾನ್ಸರ್: ಮುಂಬಯಿಯ ಆಸ್ಪತ್ರೆ ತೋರಿದ ದಾರಿ

ಮನೆಯವರೆಲ್ಲರ ಆರೋಗ್ಯವನ್ನು ವಿಚಾರಿಸುವ ತಾಯಿ ತನ್ನ ದೇಹದ ತೊಂದರೆಯನ್ನು ಮಾತ್ರ ಮುಚ್ಚಿಟ್ಟುಕೊಳ್ಳುತ್ತಾಳೆ. ಈ ಸಂಕೋಚದ ಮರೆಯಲ್ಲಿ ಬೆಳೆಯುವ ವ್ಯಾಧಿಗಳಲ್ಲಿ ಗರ್ಭಕಂಠದ, ಎಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮುಖ್ಯವಾದುದು. ಎಚ್.ಪಿ.ವಿ. ಎಂಬ ವೈರಾಣುವಿನ ಸೋಂಕು ಬಹುಕಾಲ ಉಳಿದಾಗ ಇದು ತಲೆದೋರುತ್ತದೆ. ಸೋಂಕು ಕ್ಯಾನ್ಸರಾಗಿ ಪರಿಣಮಿಸಲು ಸಾಮಾನ್ಯವಾಗಿ ಹತ್ತಾರು ವರ್ಷಗಳು ಬೇಕು. ಅಷ್ಟು ದೀರ್ಘ ಅವಕಾಶವಿದ್ದರೂ ಅನೇಕರು ಆಸ್ಪತ್ರೆಗೆ ಬರುವುದು ಕಾಲ ಮಿಂಚಿದ ಮೇಲೆಯೇ.

ಈ ಸ್ಥಿತಿಗೆ ಪರಿಹಾರವನ್ನು ಹುಡುಕಿದ ಸಂಸ್ಥೆಗಳಲ್ಲಿ ಮುಂಬಯಿಯ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಪ್ರಮುಖವಾದುದು. ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1941ರಲ್ಲಿ ಇದನ್ನು ಸ್ಥಾಪಿಸಿತು. 1962ರಲ್ಲಿ ಇದರ ಆಡಳಿತ ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಗೆ ಸೇರಿತು. ದೇಶದ ನಾನಾ ಭಾಗಗಳ ಬಡ ರೋಗಿಗಳು ಇಲ್ಲಿ ಚಿಕಿತ್ಸೆ ಪಡೆಯುತ್ತಾರೆ. ಬಂದವರಿಗೆ ಚಿಕಿತ್ಸೆ ನೀಡುವುದಷ್ಟೇ ಸಾಲದು, ಬಾರದವರ ಬಳಿಗೆ ತಾವೇ ಹೋಗಬೇಕು ಎಂಬ ಅರಿವಿನಿಂದ ಇಲ್ಲಿನ ವೈದ್ಯರು 1998ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಒಂದು ದೊಡ್ಡ ಅಧ್ಯಯನವನ್ನು ಕೈಗೊಂಡರು.

35ರಿಂದ 64 ವರ್ಷ ವಯಸ್ಸಿನ ಸುಮಾರು 1,50,000 ಸ್ತ್ರೀಯರು ಅದರಲ್ಲಿ ಸೇರಿದ್ದರು. ತಪಾಸಣೆಯ ವಿಧಾನ ಅತಿ ಸರಳ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ತಿಳಿಯಾದ ದ್ರಾವಣವನ್ನು ಗರ್ಭಕಂಠಕ್ಕೆ ಲೇಪಿಸಿ ಸುಮಾರು ಒಂದು ನಿಮಿಷ ಕಾಯುವುದು. ದೋಷವುಳ್ಳ ಭಾಗ ಬೆಳ್ಳಗಾಗಿ ಬರಿಗಣ್ಣಿಗೇ ಗೋಚರಿಸುತ್ತದೆ. ಪ್ರಯೋಗಾಲಯ ಬೇಡ, ದುಬಾರಿ ಯಂತ್ರ ಬೇಡ. ತಪಾಸಣೆ ನಡೆಸಿದವರೂ ವೈದ್ಯರಲ್ಲ. ಹತ್ತನೆಯ ತರಗತಿಯವರೆಗೆ ಓದಿ, ಕೆಲವು ವಾರಗಳ ತರಬೇತಿ ಪಡೆದ ಸ್ಥಳೀಯ ಸ್ತ್ರೀಯರು. ಒಂದು ಗುಂಪಿಗೆ ಎರಡು ವರ್ಷಗಳಿಗೊಮ್ಮೆ ಹೀಗೆ ನಾಲ್ಕು ಬಾರಿ ತಪಾಸಣೆ ನಡೆಯಿತು. ಇನ್ನೊಂದು ಗುಂಪಿಗೆ ರೋಗದ ಕುರಿತು ತಿಳಿವಳಿಕೆಯನ್ನಷ್ಟೇ ನೀಡಲಾಯಿತು. ಈ ಎರಡನೆಯ ಗುಂಪಿನವರಿಗೆ ತಪಾಸಣೆ ಇಲ್ಲದಿದ್ದುದರ ಬಗೆಗೆ ನೈತಿಕ ಪ್ರಶ್ನೆಗಳೂ ಎದ್ದವು.

2013ರಲ್ಲಿ ಫಲಿತಾಂಶ ಪ್ರಕಟವಾಯಿತು. ರೋಗ ತಗುಲಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ತಪಾಸಣೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾದ ಸಾವು ಶೇಕಡಾ 31ರಷ್ಟು ಕಡಿಮೆಯಾಗಿತ್ತು. ರೋಗ ಬೇಗ ಪತ್ತೆಯಾಯಿತು, ಚಿಕಿತ್ಸೆ ಫಲಿಸಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕರೆದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ತಪಾಸಣೆಗೆ ಬಂದರು. ಆಮ್ಲದ ದ್ರಾವಣ ಅಗ್ಗದ ವಸ್ತು. ಸಂಕೋಚವನ್ನು ಕಳೆಯುವುದೇ ಕಷ್ಟದ ಕೆಲಸ. ಮನೆಮನೆಗೆ ಹೋಗಿ ವಿಷಯವನ್ನು ತಿಳಿಯಪಡಿಸಿದ್ದರಿಂದಲೇ ಸಂಶೋಧನೆ ಸಾಧ್ಯವಾಯಿತು, ಸೇವೆಯೂ ಸಾರ್ಥಕವಾಯಿತು.

ಈ ಸೌಲಭ್ಯಕ್ಕಾಗಿ ನಾವು ಮುಂಬಯಿಗೆ ಹೋಗಬೇಕಾಗಿಲ್ಲ. 30 ವರ್ಷ ದಾಟಿದ ಸ್ತ್ರೀಯರಿಗೆ ಐದು ವರ್ಷಗಳಿಗೊಮ್ಮೆ ಇದೇ ವಿಧಾನದ ತಪಾಸಣೆಯನ್ನು ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಲಾಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಈ ವೈರಾಣುವನ್ನು ತಡೆಯುವ ಲಸಿಕೆಯೂ ಲಭ್ಯವಿದೆ. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಅಗತ್ಯ.

ಮುಟ್ಟು ನಿಂತ ಮೇಲೆ ರಕ್ತಸ್ರಾವ, ದಾಂಪತ್ಯ ಸಂಪರ್ಕದ ನಂತರ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು: ಇವುಗಳಲ್ಲಿ ಯಾವುದು ಕಂಡರೂ ಸರದಿಯ ತಪಾಸಣೆಗಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಆದರೆ ಆರಂಭದಲ್ಲಿ ಈ ರೋಗ ಯಾವ ಲಕ್ಷಣವನ್ನೂ ತೋರದಿರಬಹುದು. ಆದಕಾರಣ ತೊಂದರೆಯಿಲ್ಲದವರೂ ಪರೀಕ್ಷಿಸಿಕೊಳ್ಳುವುದು ಲೇಸು. ತಾಯಂದಿರು ಇದನ್ನು ನಾಚಿಕೆಯ ವಿಷಯವೆಂದು ಭಾವಿಸಬಾರದು. ಮನೆಯ ಗಂಡಸರೂ ಅತ್ತೆಯಂದಿರೂ ತಾವಾಗಿ ಮುಂದೆ ಬಂದು ಅವರನ್ನು ಕರೆದೊಯ್ಯಬೇಕು.